ವಿಶ್ವನಾಥ ಗಲ್ಲಿಯಲ್ಲಿ ಇಬ್ಬರು ಪ್ರಾಧ್ಯಾಪಕರು

ಪರವೂರಿನಲ್ಲಿ ನೆಲೆಸಿದ ಕನ್ನಡಿಗರಿಗೆ ವೇದಾಂತದ ಉಪನ್ಯಾಸವೆಂದರೆ ಎಂದೂ ಬೇಸರವಿಲ್ಲ. ಸಂಘದ ಸಭಾಂಗಣದಲ್ಲಿ ಸುಗಮ ಸಂಗೀತಕ್ಕೆ ಎಷ್ಟು ಜನ ಸೇರುತ್ತಾರೋ, ಗೀತೆಯ ಮೇಲೆ ಮಾತನಾಡುವವರು ಊರಿನಿಂದ ಬಂದರೆ ಅಷ್ಟೇ ಜನ ಸೇರುತ್ತಾರೆ. ಕೊನೆಯಲ್ಲಿ ಉಪ್ಪಿಟ್ಟು, ಕೇಸರಿಭಾತು ಇದ್ದರಂತೂ ಇನ್ನೂ ಹತ್ತು ಜನ ಹೆಚ್ಚು. ಇರುವುದೆಲ್ಲ ಒಂದೇ ಚೈತನ್ಯ ಎಂಬ ಮಾತನ್ನು ಕೇಳಿ, ತಲೆದೂಗಿ, ಕೊನೆಯ ಬಸ್ಸು ತಪ್ಪೀತೆಂದು ಅವಸರದಿಂದ ಮನೆಗೆ ಬರುತ್ತೇವೆ. ಆ ಮಾತು ನಿಜವೇ ಆದರೆ ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಏನು ಬದಲಾಗಬೇಕು ಎಂದು ಕೇಳುವ ಅಭ್ಯಾಸ ಮಾತ್ರ ನಮಗೆ ಅಷ್ಟಾಗಿ ಬಂದಿಲ್ಲ.

ಈ ಪ್ರಶ್ನೆಯನ್ನು ಬಿಡದೆ ಕೇಳಿದವರಲ್ಲಿ ಒಬ್ಬರು ಸರ್ ಹೆನ್ರಿ ಜೋನ್ಸ್. ವೇಲ್ಸ್ ದೇಶದವರು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, 1922ರಲ್ಲಿ ತೀರಿಕೊಂಡವರು. ಅವರ ಹೆಸರು ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿದಿರಲಾರದು. ಇನ್ನೊಬ್ಬರ ಹೆಸರನ್ನು ತಿಳಿಯದವರಿಲ್ಲ: ಸರ್ವೇಪಲ್ಲಿ ರಾಧಾಕೃಷ್ಣನ್. ಮೈಸೂರಿನಲ್ಲಿ ಮೂರು ವರ್ಷ ಪಾಠ ಹೇಳಿ, ಮುಂದೆ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಒಂಬತ್ತು ವರ್ಷ ಉಪಕುಲಪತಿಗಳಾಗಿದ್ದವರು. ಜೋನ್ಸರ ಆತ್ಮಕಥೆಯನ್ನೂ ‘ಕಾರ್ಯಧರ್ಮವಾಗಿ ಐಡಿಯಲಿಸಂ’ ಎಂದು ಕನ್ನಡಿಸಬಹುದಾದ ಅವರ 1909ರ ಪುಸ್ತಕವನ್ನೂ, ರಾಧಾಕೃಷ್ಣನ್‌ರ 1932ರ ‘ಐಡಿಯಲಿಸ್ಟ್ ವ್ಯೂ ಆಫ್ ಲೈಫ್’ ಎಂಬುದನ್ನೂ ನಾವು ಒಂದರ ಪಕ್ಕದಲ್ಲಿ ಒಂದಿಟ್ಟುಕೊಂಡು ಓದಿದೆವು. ನಾವು ಓದಿದ್ದು ಬಿ.ಎಸ್‌ಸಿ., ಹೊಟ್ಟೆಪಾಡಿಗೆ ನೋಡುವುದು ಕೇಂದ್ರ ಸರ್ಕಾರದ ಕಡತ. ಆದ್ದರಿಂದ ಶಾಸ್ತ್ರಜ್ಞರ ತಕರಾರುಗಳಿಗೆ ಇಳಿಯುವುದಿಲ್ಲ. ಸಾಮಾನ್ಯ ಓದುಗನಿಗೆ ತೋರಿದ್ದನ್ನಷ್ಟೆ ಹೇಳುತ್ತೇವೆ.

ಐಡಿಯಲಿಸಂ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ‘ಆದರ್ಶವಾದ’ ಎಂದು ಅನುವಾದಿಸುತ್ತವೆ. ಅದನ್ನು ಕೇಳಿದೊಡನೆ ಖಾದಿ ತೊಟ್ಟು, ಲಂಚ ಮುಟ್ಟದೆ, ಬಡ್ತಿಯೂ ಸಿಗದೆ ನಿವೃತ್ತನಾದ ಒಳ್ಳೆಯ ಮನುಷ್ಯನೊಬ್ಬ ಕಣ್ಣ ಮುಂದೆ ಬರುತ್ತಾನೆ. ಶಾಸ್ತ್ರದಲ್ಲಿ ಆ ಪದದ ಅರ್ಥ ಬೇರೆ. ಜಗತ್ತಿನ ತಿರುಳು ಜಡವಲ್ಲ, ಚೈತನ್ಯ. ಬಿಡಿಬಿಡಿಯಾಗಿ ಕಾಣುವ ವಸ್ತುಗಳೂ ಮನುಷ್ಯರೂ ಒಂದೇ ಚೈತನ್ಯದ ಅಂಗಗಳು ಎಂಬುದು ಅದರ ಸಾರ. ಆದ್ದರಿಂದ ಇಲ್ಲಿ ‘ಚೈತನ್ಯವಾದ’ ಎಂದೇ ಬರೆಯುತ್ತೇವೆ.

ಈ ವಾದವನ್ನು ಪರೀಕ್ಷಿಸಲು ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಕಾಶಿಯ ವಿಶ್ವನಾಥ ಗಲ್ಲಿ ಎಂದು ನಮಗೆ ತೋರುತ್ತದೆ. ಯಾತ್ರೆಗೆ ಹೋಗಿ ಬಂದವರಿಗೆ ಆ ಗಲ್ಲಿಯನ್ನು ವಿವರಿಸಬೇಕಾಗಿಲ್ಲ. ಗೊದೌಲಿಯಾದಿಂದ ದಶಾಶ್ವಮೇಧ ಘಾಟಿಗೆ ಹೋಗುವಾಗ ಎಡಗಡೆಗೆ ಒಳಹೊಕ್ಕು ದೇವಸ್ಥಾನದ ಕಡೆಗೆ ಸಾಗುವ ಕಿರುದಾರಿ ಅದು. ಎರಡು ಕಡೆಯೂ ಬಳೆ, ಕುಂಕುಮ, ರುದ್ರಾಕ್ಷಿ, ಹಿತ್ತಾಳೆ ಪಾತ್ರೆ, ಬಣ್ಣ ಹಚ್ಚಿದ ಮರದ ಆಟಿಕೆ, ಬನಾರಸಿ ಸೀರೆಗಳ ಅಂಗಡಿಗಳು. ನಡುವೆ ಒಂದು ಹಸು ನಿಂತರೆ ಇಡೀ ಗಲ್ಲಿ ನಿಲ್ಲುತ್ತದೆ. 2021ರ ಡಿಸೆಂಬರಿನಲ್ಲಿ ಗಂಗೆಯ ಕಡೆಯಿಂದ ದೇವಸ್ಥಾನಕ್ಕೆ ಅಗಲವಾದ ದಾರಿ ತೆರೆಯಿತು. ನಾವು ಹೋದಾಗ ಬೇಕೆಂದೇ ಗಲ್ಲಿಯಿಂದ ಹೋದೆವು. ಗಲ್ಲಿಯಲ್ಲಿ ಮೈಗೆ ಮೈ ತಾಗದೆ ನಡೆಯುವ ಹಾಗಿಲ್ಲ. ಹಿಂದಿನ ಕಾಲದಲ್ಲಿ ಇಂಥ ಗಲ್ಲಿಗಳೇ, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಪ್ರಶ್ನೆಯನ್ನು ಎಬ್ಬಿಸುತ್ತಿದ್ದವು.

ಆ ಪ್ರಶ್ನೆಯ ಕಥೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಶಂಕರಾಚಾರ್ಯರು ಶಿಷ್ಯರೊಡನೆ ಕಾಶಿಯ ಬೀದಿಯಲ್ಲಿ ಬರುತ್ತಿದ್ದಾಗ ಎದುರಿಗೆ ನಾಯಿಗಳೊಡನೆ ಒಬ್ಬ ಚಾಂಡಾಲ ಬಂದನಂತೆ. ಸರಿದು ನಿಲ್ಲು ಎಂದದ್ದಕ್ಕೆ ಅವನು, ಯಾವುದು ಯಾವುದರಿಂದ ಸರಿಯಬೇಕು, ಅನ್ನದಿಂದಾದ ದೇಹ ಅನ್ನದಿಂದಾದ ದೇಹದಿಂದಲೋ, ಚೈತನ್ಯ ಚೈತನ್ಯದಿಂದಲೋ ಎಂದು ಕೇಳಿದನಂತೆ. ಆಚಾರ್ಯರ ಉತ್ತರವೆಂದು ‘ಮನೀಷಾಪಂಚಕ’ವನ್ನು ಹೇಳುವುದು ಸಂಪ್ರದಾಯ. ಇದು ಚರಿತ್ರೆಯೋ ಕಥೆಯೋ ಎಂಬ ಚರ್ಚೆ ಪಂಡಿತರಿಗಿರಲಿ. ನಮಗೆ ಮುಖ್ಯವಾಗಿ ಕಾಣುವುದು ಕಥೆಯ ಕೊನೆ. ಆ ಚಾಂಡಾಲ ನಿಜವಾದ ಚಾಂಡಾಲನೇ ಅಲ್ಲ, ವೇಷ ಹಾಕಿಕೊಂಡು ಬಂದ ವಿಶ್ವನಾಥನೇ ಎಂದು ಕಥೆ ಮುಗಿಯುತ್ತದೆ. ಕೇಳುವವರಿಗೆ ಒಂದು ರೀತಿಯ ನೆಮ್ಮದಿ. ಪ್ರಶ್ನೆ ಕೇಳಿದವನು ದೇವರಾದ ಮೇಲೆ, ಪ್ರಶ್ನೆಗೆ ಕೈಮುಗಿದರೆ ಸಾಕು; ಮರುದಿನ ಅದೇ ಬೀದಿಯಲ್ಲಿ ಎದುರಾಗುವ ನಿಜವಾದ ಮನುಷ್ಯನಿಗೆ ಉತ್ತರ ಕೊಡಬೇಕಾಗಿಲ್ಲ. ನಮ್ಮ ಚೈತನ್ಯವಾದದ ಬಲವೂ ಅದರ ಜಾಣ ನುಣುಚುವಿಕೆಯೂ ಈ ಒಂದೇ ಕಥೆಯಲ್ಲಿವೆ.

ಇದೇ ಗಲ್ಲಿಗೆ ಇನ್ನೊಬ್ಬ ಸಾಕ್ಷಿ ಗಾಂಧೀಜಿ. 1916ರ ಫೆಬ್ರವರಿಯಲ್ಲಿ ಹಿಂದೂ ವಿಶ್ವವಿದ್ಯಾಲಯದ ಶಂಕುಸ್ಥಾಪನೆಯ ಉತ್ಸವಕ್ಕೆ ರಾಜಮಹಾರಾಜರು ಮೈತುಂಬ ಒಡವೆ ತೊಟ್ಟು ಬಂದು ಕುಳಿತಿದ್ದರು. ಆ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಎಂಬುದನ್ನು ಇಲ್ಲಿ ನೆನೆಯಬಹುದು. ಗಾಂಧೀಜಿ ಎದ್ದು ನಿಂತು, ತಾವು ಹಿಂದಿನ ಸಂಜೆ ವಿಶ್ವನಾಥನ ಗುಡಿಗೆ ನಡೆದು ಹೋದುದನ್ನೂ, ಆ ಗಲ್ಲಿಗಳ ಕೊಳೆಯನ್ನೂ ಹೇಳಿ, ಈ ಗುಡಿ ನಮ್ಮದೇ ಗುಣಸ್ವಭಾವದ ಪ್ರತಿಬಿಂಬವಲ್ಲವೆ ಎಂಬರ್ಥದ ಪ್ರಶ್ನೆ ಹಾಕಿದರು. ಮಾತು ಮುಂದುವರಿದು ಒಡವೆಗಳ ಮೇಲೆಯೂ ಬಾಂಬು ಎಸೆಯುವ ತರುಣರ ಮೇಲೆಯೂ ಹೋದಾಗ ಆನಿ ಬೆಸೆಂಟರು ತಡೆದರು. ಭಾಷಣ ಪೂರ್ತಿಯಾಗಲಿಲ್ಲ. ದೊಡ್ಡ ತತ್ತ್ವದ ಮನೆ ಕಟ್ಟುವ ದಿನ ಕಸದ ಮಾತೇಕೆ ಎಂದು ಅಲ್ಲಿದ್ದವರಲ್ಲಿ ಅನೇಕರಿಗೆ ಅನಿಸಿರಬೇಕು. ಕಸದ ಮಾತೇ ತತ್ತ್ವದ ಮಾತು ಎಂಬುದು ಗಾಂಧೀಜಿಯ ಅಭಿಪ್ರಾಯ. ಹೆನ್ರಿ ಜೋನ್ಸರದೂ ಅದೇ.

ಜೋನ್ಸರು ಹುಟ್ಟಿದ್ದು 1852ರ ನವೆಂಬರ್ 30ರಂದು, ಉತ್ತರ ವೇಲ್ಸಿನ ಲ್ಯಾನ್‌ಗೆರ್ನ್ಯೂ ಎಂಬ ಹಳ್ಳಿಯಲ್ಲಿ. ಈ ಹೆಸರಿನ ಮೊದಲಕ್ಷರವನ್ನು ಅಲ್ಲಿಯ ಜನ ಉಚ್ಚರಿಸುವ ಬಗೆ ಕನ್ನಡದ ಲಕಾರಕ್ಕೂ ಸಿಕ್ಕದು, ಳಕಾರಕ್ಕೂ ಸಿಕ್ಕದು; ಓದುಗರು ಕ್ಷಮಿಸಬೇಕು. ತಂದೆ ಇಲಾಯಸ್ ಜೋನ್ಸ್ ಜೋಡು ಹೊಲಿಯುವವರು. ಮನೆಗೆ ಅಂಟಿಕೊಂಡೇ ಅವರ ಕೆಲಸದ ಕೊಠಡಿ. ಹೆನ್ರಿ ಹನ್ನೆರಡರ ಪ್ರಾಯದಲ್ಲಿ ಶಾಲೆ ಬಿಟ್ಟು ತಂದೆಯ ಕೈಕೆಳಗೆ ಅದೇ ಕಸಬಿಗೆ ಕುಳಿತರು. ಮನೆಯ ಮಾತು ವೆಲ್ಶ್, ಪುಸ್ತಕದ ಮಾತು ಇಂಗ್ಲಿಷ್. ಆ ಕಾಲದ ವೇಲ್ಸಿನ ಕೆಲವು ಶಾಲೆಗಳಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ನಮ್ಮ ಮಕ್ಕಳು ಕಾನ್ವೆಂಟಿನಲ್ಲಿ ಕನ್ನಡಕ್ಕೆ ದಂಡ ತೆರುವುದನ್ನು ಕೇಳಿದವರಿಗೆ ಇದು ಹೊಸತೆನಿಸದು.

ಕೆಲಸದ ನಡುವೆಯೇ ಓದಿ ಅವರು ಬ್ಯಾಂಗರಿನ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದರು. 1873ರಲ್ಲಿ ದಕ್ಷಿಣ ವೇಲ್ಸಿನ ಬ್ರಿನಾಮನ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯ ಶಾಲೆಯಲ್ಲಿ ಮೇಷ್ಟ್ರಾದರು. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಗ್ಲಾಸ್ಗೋ ಸೇರಿದರು. ಆಗಿನ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ಆಕ್ಸ್‌ಫರ್ಡಿನ ಹಾಗೆ ಧನಿಕರ ಮಕ್ಕಳಿಗೆ ಮೀಸಲಾಗಿರಲಿಲ್ಲ. ಹಳ್ಳಿಯ ಹುಡುಗರು ಓಟ್ಸ್ ಹಿಟ್ಟಿನ ಚೀಲ ಹೊತ್ತು ಬಂದು ಅದನ್ನೇ ಬೇಯಿಸಿ ತಿಂದು ಓದುತ್ತಿದ್ದರು. ಹಿಟ್ಟು ಮುಗಿದಾಗ ಊರಿಗೆ ಹೋಗಿ ತರಲೆಂದೇ ನಡುವೆ ಒಂದು ಸೋಮವಾರ ರಜೆ ಕೊಡುವ ಪದ್ಧತಿ ಇತ್ತು. ಮೈಸೂರು, ಧಾರವಾಡಗಳಲ್ಲಿ ವಾರಾನ್ನ ಮಾಡಿ ಓದಿದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದರು. ಅವರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಹಿಟ್ಟಿನ ಚೀಲ ತಕ್ಷಣ ಅರ್ಥವಾಗುತ್ತದೆ.

ಅಲ್ಲಿ ಅವರಿಗೆ ದೊರೆತ ಗುರು ಎಡ್ವರ್ಡ್ ಕೇರ್ಡ್. ಜರ್ಮನಿಯ ಕಾಂಟ್, ಹೆಗೆಲರ ವಿಚಾರವನ್ನು ಬ್ರಿಟನ್ನಿನ ಎರಡು ತಲೆಮಾರಿಗೆ ಕಲಿಸಿದವರು. ಕೇರ್ಡರ ಶಿಷ್ಯರು ಎಲ್ಲೆಡೆ ಹರಡಿದರು. ಅವರಲ್ಲಿ ಒಬ್ಬರಾದ ಮೆಕೆಂಜಿಯವರ ನೀತಿಶಾಸ್ತ್ರದ ಕೈಪಿಡಿಯನ್ನು ನಮ್ಮ ದೇಶದ ಕಾಲೇಜುಗಳಲ್ಲಿ ತಲೆಮಾರುಗಳವರೆಗೆ ಉರು ಹೊಡೆಸಲಾಯಿತು. ಜೋನ್ಸರು ಅಬರಿಸ್ಟ್ವಿತ್, ಬ್ಯಾಂಗರ್, ಸೇಂಟ್ ಆಂಡ್ರೂಸ್‌ಗಳಲ್ಲಿ ಪಾಠ ಹೇಳಿ, 1894ರಲ್ಲಿ ತಮ್ಮ ಗುರುವಿನ ಪೀಠಕ್ಕೇ ಬಂದರು. ಅದಕ್ಕೂ ಹಿಂದೆ ಆಡಂ ಸ್ಮಿತ್ ಕುಳಿತಿದ್ದ ಪೀಠ ಅದು. ಸಾಯುವವರೆಗೂ ಅಲ್ಲೇ ಇದ್ದರು. ನಡುವಣ ವರ್ಗಾವಣೆಗಳ ವಿವರ ಬೇಡ. ನಮ್ಮಂಥ ನೌಕರರಿಗೆ ಅದು ದಿನದ ಪಾಡು.

ಅವರ ಚೈತನ್ಯವಾದಕ್ಕೆ ಒಂದು ವೈಶಿಷ್ಟ್ಯವಿದೆ. ಮನುಷ್ಯರೆಲ್ಲ ಒಂದೇ ಚೈತನ್ಯದ ಅಂಗಗಳೆಂದರೆ, ಒಬ್ಬನ ಬುದ್ಧಿ ಅರಳದೆ ಉಳಿದರೆ ಅದು ಎಲ್ಲರಿಗೂ ಆದ ನಷ್ಟ. ಆದ್ದರಿಂದ ಶಾಲೆ ಕಟ್ಟುವುದು ದಾನವಲ್ಲ, ಆ ತತ್ತ್ವದ ನೇರ ಫಲಿತಾಂಶ. ಬ್ಯಾಂಗರಿನಲ್ಲಿ 1884ರಲ್ಲಿ ಕಾಲೇಜು ತೆರೆದಾಗ ಸುತ್ತಲಿನ ಕಲ್ಲುಗಣಿಯ ಕೂಲಿಗಳು ತಮ್ಮ ಕೂಲಿಯಿಂದ ಅದಕ್ಕೆ ಚಂದಾ ಕೊಟ್ಟಿದ್ದರು. ಅಲ್ಲಿ ಮೊದಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜೋನ್ಸರು ಪಾಠ ಮುಗಿಸಿ ಮನೆಗೆ ಹೋಗಿ ಕುಳಿತವರಲ್ಲ. ವೇಲ್ಸಿನ ಪ್ರತಿ ಜಿಲ್ಲೆಯಲ್ಲಿ ಪ್ರೌಢಶಾಲೆ ಬರಬೇಕೆಂದು ಊರೂರು ತಿರುಗಿ ಮಾತನಾಡಿದರು. ಅದಕ್ಕಾಗಿ 1889ರಲ್ಲಿ ಕಾಯಿದೆ ಬಂತು. ಮುದುಕರಾದ ಮೇಲೂ, ವೇಲ್ಸಿನ ವಿಶ್ವವಿದ್ಯಾಲಯಕ್ಕಾಗಿ ಜಿಲ್ಲೆಗಳು ತೆರಿಗೆಯಲ್ಲಿ ಒಂದು ಪೆನ್ನಿ ಎತ್ತಿಡಬೇಕೆಂದು ಒತ್ತಾಯಿಸಿದರು. ಹೆಗೆಲರ ಪುಸ್ತಕದಿಂದ ಒಂದು ಪೆನ್ನಿಯ ತೆರಿಗೆಯವರೆಗೆ ಬಂದ ಈ ದಾರಿಯೇ ಅವರ ದೊಡ್ಡ ಗ್ರಂಥ ಎಂದು ನಾವು ಹೇಳುತ್ತೇವೆ. ಅಚ್ಚಾದ ಗ್ರಂಥಗಳು ಅದಕ್ಕೆ ಟಿಪ್ಪಣಿ.

ಅವರು ಮೆಥಡಿಸ್ಟ್ ಪಂಥದ ಸಭೆಗಳಲ್ಲಿ ವೆಲ್ಶ್ ಭಾಷೆಯಲ್ಲಿ ಬೋಧನೆ ಮಾಡುತ್ತಿದ್ದರು. ಅವರ ವಿಚಾರ ಸಂಪ್ರದಾಯಸ್ಥರಿಗೆ ಹಿಡಿಸಲಿಲ್ಲ. ಕ್ರಿಸ್ತನ ದೈವತ್ವವನ್ನು ಅಲ್ಲಗಳೆಯುತ್ತೀರಂತೆ ಎಂದು ಆಕ್ಷೇಪ ಬಂದಾಗ, ತಾವು ಯಾವ ಮನುಷ್ಯನ ದೈವತ್ವವನ್ನೂ ಅಲ್ಲಗಳೆಯುವುದಿಲ್ಲ ಎಂದು ಅವರು ಉತ್ತರಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಕಾಶಿಯ ಬೀದಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಕಂಡಿಲ್ಲ. ಎದುರಿಗೆ ಬಂದವನನ್ನು ವೇಷಧಾರಿ ದೇವರೆಂದು ಮಾಡಿ ಪಾರಾಗುವ ಪ್ರಮೇಯ ಇಲ್ಲಿಲ್ಲ.

ಇಷ್ಟು ಹೊಗಳಿದ ಮೇಲೆ ತಪ್ಪುಗಳನ್ನೂ ಹೇಳಬೇಕು. ಜೋನ್ಸರ ಗದ್ಯ ಭಾಷಣದ ಗದ್ಯ. ಒಂದು ವಿಚಾರವನ್ನು ಮೂರು ಸಲ, ಮೂರು ಉಪಮೆಗಳಲ್ಲಿ ಹೇಳದೆ ಮುಂದೆ ಹೋಗುವುದಿಲ್ಲ. 1909ರ ಪುಸ್ತಕ 1908ರಲ್ಲಿ ಸಿಡ್ನಿಯಲ್ಲಿ ಮಾಡಿದ ಉಪನ್ಯಾಸಗಳದ್ದು. ವರ್ಡ್ಸ್‌ವರ್ತ್, ಬ್ರೌನಿಂಗರ ಮೇಲಿನ ಭಾಗಗಳನ್ನು ಕೇಳಿದವರು ಚಪ್ಪಾಳೆ ತಟ್ಟಿರಬಹುದು, ಓದುವವರು ಪುಟ ಹಾರಿಸುತ್ತಾರೆ. ಇದು ಸಣ್ಣ ದೋಷ. ದೊಡ್ಡ ದೋಷ ಬೇರೆ. ಸಮಾಜ, ರಾಜ್ಯ ಇವೆಲ್ಲ ಚೈತನ್ಯದ ರೂಪಗಳೆಂದು ನಂಬಿದವನಿಗೆ ತನ್ನ ರಾಜ್ಯ ತಪ್ಪು ಮಾಡಬಲ್ಲದು ಎಂದು ಕಾಣುವುದು ಕಷ್ಟ. ಸಿಡ್ನಿಗೆ ಹೋಗಿ ಸ್ವಾತಂತ್ರ್ಯದ ಮೇಲೆ ಮಾತನಾಡಿದವರಿಗೆ, ಅದೇ ವರ್ಷ ತಿಲಕರನ್ನು ಮಂಡಾಲೆಗೆ ಕಳಿಸಿದ ಸಾಮ್ರಾಜ್ಯ ತತ್ತ್ವದ ಸಮಸ್ಯೆಯಾಗಿ ಕಾಡಲಿಲ್ಲ. 1914ರ ಯುದ್ಧ ಬಂದಾಗ ವೇಲ್ಸಿನಲ್ಲಿ ತರುಣರನ್ನು ಸೈನ್ಯಕ್ಕೆ ಸೇರಿಸುವ ಭಾಷಣಗಳನ್ನು ಮಾಡಿದರು. ಅವರ ಸ್ವಂತ ಮಗನೊಬ್ಬ ಆ ಯುದ್ಧದಲ್ಲಿ ಸತ್ತ. ತಾವು ಇತರರಿಗೆ ಹೇಳಿದ್ದರ ಬೆಲೆಯನ್ನು ತಾವೂ ತೆತ್ತರು ಎಂಬುದನ್ನು ಒಪ್ಪಬೇಕು. ಆದರೂ ಶಾಲೆ ಕಟ್ಟಿಸಿದ ಅದೇ ತತ್ತ್ವ ಹುಡುಗರನ್ನು ಕಂದಕಕ್ಕೂ ಕಳಿಸಿತು ಎಂಬುದು ಉಳಿದೇ ಉಳಿಯುತ್ತದೆ.

ಇನ್ನು ಈ ಗ್ಲಾಸ್ಗೋ ಲೋಕ ನಮ್ಮ ನಾಡಿಗೆ ಬಂದ ಬಗೆ. ಕೇರ್ಡರ ಇನ್ನೊಬ್ಬ ಶಿಷ್ಯ ಮ್ಯೂರ್‌ಹೆಡ್. 1921ರಲ್ಲಿ ಗುರುವಿನ ಜೀವನಚರಿತ್ರೆಯನ್ನು ಬರೆದದ್ದು ಜೋನ್ಸ್, ಮ್ಯೂರ್‌ಹೆಡ್ ಇಬ್ಬರೂ ಸೇರಿ. ಈ ಮ್ಯೂರ್‌ಹೆಡ್ಡರೇ ತಮ್ಮ ಗ್ರಂಥಮಾಲೆಗಾಗಿ ರಾಧಾಕೃಷ್ಣನ್‌ರಿಂದ ‘ಇಂಡಿಯನ್ ಫಿಲಾಸಫಿ’ ಬರೆಸಿದವರು. ಅದರ ಮೊದಲ ಸಂಪುಟ 1923ರಲ್ಲಿ, ಎರಡನೆಯದು 1927ರಲ್ಲಿ ಬಂತು. 1936ರಲ್ಲಿ ಇವರಿಬ್ಬರ ಸಂಪಾದಕತ್ವದಲ್ಲಿ ಬಂದ ಸಮಕಾಲೀನ ಭಾರತೀಯ ತತ್ತ್ವಚಿಂತನೆಯ ಸಂಕಲನವನ್ನು ತೆರೆದು ನೋಡಿದರೆ ಕನ್ನಡಿಗರಿಗೆ ಹೆಮ್ಮೆಯಾಗುತ್ತದೆ. ಗಾಂಧೀಜಿ, ಠಾಕೂರರ ಜೊತೆಗೆ ಮೈಸೂರಿನ ಎಂ. ಹಿರಿಯಣ್ಣ, ಎ. ಆರ್. ವಾಡಿಯಾ, ವಿ. ಸುಬ್ರಹ್ಮಣ್ಯ ಅಯ್ಯರ್ ಇದ್ದಾರೆ. ಅಲಹಾಬಾದಿನ ಪ್ರಾಧ್ಯಾಪಕರೆಂದು ಕಾಣಿಸಿಕೊಳ್ಳುವ ಆರ್. ಡಿ. ರಾನಡೆಯವರು ನಮ್ಮ ಜಮಖಂಡಿಯಲ್ಲಿ ಹುಟ್ಟಿ, ಬಿಜಾಪುರ ಸೀಮೆಯ ನಿಂಬಾಳದಲ್ಲಿ ನೆಲೆ ಮಾಡಿಕೊಂಡು, 1957ರಲ್ಲಿ ಅಲ್ಲೇ ದೇಹ ಬಿಟ್ಟವರು. ಕಾಶಿಯ ಭಗವಾನ್ ದಾಸರೂ ಇದ್ದಾರೆ. ಒಂದು ಕಾಲಕ್ಕೆ ಗ್ಲಾಸ್ಗೋ, ಮೈಸೂರು, ಕಾಶಿ ಇವು ತತ್ತ್ವಶಾಸ್ತ್ರದ ಭೂಪಟದಲ್ಲಿ ಅಕ್ಕಪಕ್ಕದ ಊರುಗಳಾಗಿದ್ದವು.

ರಾಧಾಕೃಷ್ಣನ್‌ರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುವಾಗ, ವೇದಾಂತಕ್ಕೆ ನೀತಿಶಾಸ್ತ್ರವೇ ಇಲ್ಲ, ಜಗತ್ತೇ ಮಿಥ್ಯೆಯಾದರೆ ಒಳ್ಳೆಯದು ಕೆಟ್ಟದ್ದು ಎಲ್ಲಿ ಎಂದು ಪಾದ್ರಿಗಳು ಆಕ್ಷೇಪಿಸುತ್ತಿದ್ದರು. ಅದಕ್ಕೆ ಉತ್ತರವಾಗಿ ಅವರು 1908ರಲ್ಲಿ ಎಂ.ಎ.ಗಾಗಿ ವೇದಾಂತದ ನೀತಿಯ ಮೇಲೆ ಪ್ರಬಂಧ ಬರೆದರು. ಜೋನ್ಸರು ಸಿಡ್ನಿಯಲ್ಲಿ ಮಾತನಾಡಿದ ವರ್ಷವೇ ಅದು. ಮೈಸೂರಿನ ಮಹಾರಾಜಾ ಕಾಲೇಜಿಗೆ ಅವರು ಬಂದದ್ದು 1918ರಲ್ಲಿ. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ಎಳೆದು ಸ್ಟೇಷನ್ನಿಗೆ ಮುಟ್ಟಿಸಿದ ಕಥೆ ಈಗಲೂ ಮೈಸೂರಿನವರ ಬಾಯಲ್ಲಿದೆ. ಮೈಸೂರಿನಲ್ಲಿದ್ದಾಗ, 1920ರಲ್ಲಿ ಪ್ರಕಟವಾದ ಅವರ ಪುಸ್ತಕದ ವಾದ ಹರಿತವಾದದ್ದು. ಅಂದಿನ ಯುರೋಪಿನ ತತ್ತ್ವಜ್ಞರು ಬುದ್ಧಿಯನ್ನೇ ಕೊನೆಯವರೆಗೂ ಅನುಸರಿಸಿದ್ದರೆ ಅದ್ವೈತದಂಥ ನಿಲುವಿಗೇ ಬರುತ್ತಿದ್ದರು. ನಡುವೆ ತಮ್ಮ ಮತಶ್ರದ್ಧೆಯನ್ನು ಒಳಗೆ ಬಿಟ್ಟುಕೊಂಡದ್ದರಿಂದ ದಾರಿ ತಪ್ಪಿದರು ಎಂಬುದು ಅದು. ಮೂವತ್ತೆರಡರ ಪ್ರಾಯದಲ್ಲಿ, ಮೈಸೂರಿನಲ್ಲಿ ಕುಳಿತು, ಬರ್ಗ್‌ಸನ್, ವಿಲಿಯಂ ಜೇಮ್ಸರ ಮೇಲೆ ಹೀಗೆ ಬರೆಯಲು ಧೈರ್ಯ ಬೇಕಿತ್ತು.

ಹನ್ನೆರಡು ವರ್ಷಗಳ ಮೇಲೆ ಬಂದ ‘ಐಡಿಯಲಿಸ್ಟ್ ವ್ಯೂ’ದಲ್ಲಿ ಗಾಳಿ ತಿರುಗಿದೆ. ಈಗ ಬೀಗದ ಕೈ ಬುದ್ಧಿಯ ಹತ್ತಿರ ಇಲ್ಲ, ಅಂತಃಸ್ಫುರಣೆಯ ಹತ್ತಿರ ಇದೆ. ಸಂತರ ಅನುಭವವೇ ಪ್ರಮಾಣ. ಅದು ಬುದ್ಧಿಗೆ ವಿರೋಧಿಯಲ್ಲ, ಬುದ್ಧಿಯನ್ನು ಮೀರಿದ್ದು ಎನ್ನುತ್ತಾರೆ. ಬರವಣಿಗೆ ಸೊಗಸಾಗಿದೆ, ಓದುಗನನ್ನು ಮೆಲ್ಲನೆ ಕೈಹಿಡಿದು ನಡೆಸುತ್ತದೆ, ಪುಟಪುಟಕ್ಕೂ ಪೂರ್ವಪಶ್ಚಿಮಗಳ ಉದಾಹರಣೆಗಳಿವೆ. ಆದರೆ ಮೈಸೂರಿನ ತರುಣ ಪ್ರಾಧ್ಯಾಪಕ ಇತರರಲ್ಲಿ ಕಂಡ ದೋಷವನ್ನೇ ಕಲ್ಕತ್ತೆಯ ಪ್ರೌಢ ಪ್ರಾಧ್ಯಾಪಕ ಮಾಡುತ್ತಿಲ್ಲವೆ? ಜೋನ್ಸರಿದ್ದಿದ್ದರೆ ಇಲ್ಲಿ ಖಂಡಿತ ತಡೆಯುತ್ತಿದ್ದರು. 1891ರಲ್ಲೇ ಅವರು ತಮಗೆ ಪ್ರಿಯನಾದ ಕವಿ ಬ್ರೌನಿಂಗನನ್ನು ಇದೇ ಕಾರಣಕ್ಕೆ ಹಿಡಿದು ನಿಲ್ಲಿಸಿದ್ದರು. ಹೃದಯವನ್ನು ಎತ್ತರಿಸಲು ಬುದ್ಧಿಯನ್ನು ತಗ್ಗಿಸಿದರೆ ಕೊನೆಗೆ ಹೃದಯದ ಮಾತನ್ನು ನಂಬಲೂ ಆಧಾರ ಉಳಿಯುವುದಿಲ್ಲ ಎಂಬುದು ಅವರ ಟೀಕೆ. ತಮ್ಮ ಕೊನೆಯ ಉಪನ್ಯಾಸಗಳಲ್ಲಿ ಅವರು ದೇವರೆಂಬುದನ್ನೇ ವಿಜ್ಞಾನಿಯ ಊಹೆಯಂತೆ ಮುಂದಿಟ್ಟು, ಬದುಕಿನ ಒಟ್ಟು ಅನುಭವ ಅದನ್ನು ಎತ್ತಿಹಿಡಿಯುತ್ತದೆಯೋ ಇಲ್ಲವೋ ಪರೀಕ್ಷಿಸಬೇಕೆಂದರು. ಪ್ರಯೋಗಶಾಲೆಯಲ್ಲಿ ಮೂರು ವರ್ಷ ಬ್ಯೂರೆಟ್ಟು, ಪಿಪೆಟ್ಟು ಹಿಡಿದ ನಮಗೆ ಈ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ. ಅಂತಃಸ್ಫುರಣೆ ಸಂತನಿಗೆ ಸಾಕು. ಆದರೆ ಗಲ್ಲಿಯಲ್ಲಿ ಇಬ್ಬರು ಎದುರುಬದುರು ನಿಂತು, ನನ್ನ ಅಂತಃಸ್ಫುರಣೆ ನೀನು ಸರಿ ಎನ್ನುತ್ತದೆ ಎಂದು ಒಬ್ಬನು ಹೇಳಿದರೆ, ಮತ್ತೊಬ್ಬನು ಯಾವ ಕಚೇರಿಗೆ ಅರ್ಜಿ ಹಾಕಬೇಕು?

ಈ ಕೊರತೆ 1927ರ ‘ಹಿಂದೂ ವ್ಯೂ ಆಫ್ ಲೈಫ್’ನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಕ್ಸ್‌ಫರ್ಡಿನ ಸಭಿಕರ ಮುಂದೆ ಜಾತಿಪದ್ಧತಿಯ ಮೂಲ ಉದ್ದೇಶವನ್ನು ವಿವರಿಸುವಾಗ, ಬೇರೆ ಬೇರೆ ಜನಾಂಗಗಳನ್ನು ಕೊಲ್ಲದೆ, ಗುಲಾಮರನ್ನಾಗಿ ಮಾಡದೆ ಒಟ್ಟಿಗೆ ಇಟ್ಟುಕೊಂಡ ವ್ಯವಸ್ಥೆ ಎಂಬಂತೆ ಅದು ಅವರಿಗೆ ತೋರುತ್ತದೆ. ಈಗಿನ ಅದರ ಕಟ್ಟುಗಳನ್ನು ಅವರು ಒಪ್ಪುವುದಿಲ್ಲ, ಅಸ್ಪೃಶ್ಯತೆಯನ್ನು ಖಂಡಿಸಿಯೂ ಇದ್ದಾರೆ. ಮುಂದೆ 1947ರ ಪುಸ್ತಕದಲ್ಲಿ ಆ ಖಂಡನೆ ಗಟ್ಟಿಯಾಗಿದೆ. ಆದರೆ ನೋಟ ಮೇಲಿನಿಂದ ಕೆಳಕ್ಕೆ. ಜೋಡು ಹೊಲಿಯುವ ಮಣೆಯ ಮೇಲೆ ಕುಳಿತು ನೋಡಿದವನಿಗೆ ಆ ವ್ಯವಸ್ಥೆಯ ಮೂಲ ಉದ್ದೇಶ ಎಷ್ಟು ಉದಾತ್ತವಾಗಿ ಕಂಡೀತು ಎಂಬ ಪ್ರಶ್ನೆ ಆ ಉಪನ್ಯಾಸದಲ್ಲಿ ಏಳುವುದೇ ಇಲ್ಲ.

ಕಾಶಿಯಲ್ಲಿ ಅವರು ಮಾಡಿದ ಕೆಲಸ ಅವರ ಗದ್ಯಕ್ಕಿಂತ ದೊಡ್ಡದು ಎನ್ನುವವರಿದ್ದಾರೆ; ನಾವೂ ಅವರಲ್ಲಿ ಸೇರಿದವರು. ಮದನಮೋಹನ ಮಾಲವೀಯರ ತರುವಾಯ 1939ರಲ್ಲಿ ಉಪಕುಲಪತಿಗಳಾದರು. 1942ರ ಚಳವಳಿಯಲ್ಲಿ ಸೈನ್ಯ ವಿಶ್ವವಿದ್ಯಾಲಯದ ಒಳಕ್ಕೇ ಬಂದು ಕುಳಿತಾಗ, ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಕುದಿಯುವ ವಿದ್ಯಾರ್ಥಿಗಳು, ನಡುವೆ ನಿಂತು ಸಂಸ್ಥೆಯನ್ನು ಉಳಿಸಿಕೊಂಡರು. ಭಾನುವಾರಗಳಂದು ಅವರು ಗೀತೆಯ ಮೇಲೆ ಮಾಡುತ್ತಿದ್ದ ಉಪನ್ಯಾಸಗಳಿಗೆ ಜನ ಕಿಕ್ಕಿರಿಯುತ್ತಿದ್ದರು. ಯಾವ ಅಂತಃಸ್ಫುರಣೆಯೂ ಇಲ್ಲದೆ ಕೇವಲ ತಾಳ್ಮೆ, ಪತ್ರವ್ಯವಹಾರ, ದೆಹಲಿಯ ಪ್ರಯಾಣಗಳಿಂದ ನಡೆಯುವ ಇಂಥ ಕೆಲಸದ ಬೆಲೆ ಕಡತ ನೋಡುವವರಿಗೆ ಗೊತ್ತು.

ಕಾಶಿಯಲ್ಲಿ ದೇವಸ್ಥಾನಗಳೂ ಈ ವಾದದಲ್ಲಿ ಪಕ್ಷ ವಹಿಸಿವೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಹೊಸ ವಿಶ್ವನಾಥ ಮಂದಿರಕ್ಕೆ 1931ರಲ್ಲಿ ಅಸ್ತಿಭಾರ ಬಿತ್ತು, 1966ರಲ್ಲಿ ಅದು ಪೂರ್ತಿಯಾಯಿತು. ಜಾತಿಮತ ಕೇಳದೆ ಎಲ್ಲರನ್ನೂ ಒಳಗೆ ಬಿಡುವ ಗುಡಿ ಅದು. ಗಲ್ಲಿಯ ಹಳೆಯ ಗುಡಿಗೆ 1950ರ ದಶಕದಲ್ಲಿ ಹರಿಜನರ ಪ್ರವೇಶವಾದಾಗ, ಕರಪಾತ್ರಿ ಸ್ವಾಮಿಗಳ ನೇತೃತ್ವದಲ್ಲಿ ಸಂಪ್ರದಾಯಸ್ಥರು ಬೇರೆಯೇ ಒಂದು ವಿಶ್ವನಾಥನ ಗುಡಿಯನ್ನು ಕಟ್ಟಿಕೊಂಡರು. ವಿಶ್ವಕ್ಕೆ ನಾಥನಾದವನು ಹೀಗೆ ಒಂದೇ ಊರಿನಲ್ಲಿ ಮೂರು ಮನೆ ಮಾಡಬೇಕಾಯಿತು. ಆ ಊರಿನ ಚೈತನ್ಯವಾದ ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿತು ಎಂಬುದಕ್ಕೆ ಇನ್ನು ಪುಸ್ತಕ ಬೇಕಿಲ್ಲ.

ಜೋಡು ಹೊಲಿಯುವವರಲ್ಲಿ ತತ್ತ್ವಜ್ಞರು ಹುಟ್ಟುವುದು ವೇಲ್ಸಿಗೆ ಮಾತ್ರ ಸೇರಿದ್ದಲ್ಲ. ಕಾಶಿಯಲ್ಲಿ ರವಿದಾಸರಿದ್ದರು, ಅವರ ಜನ್ಮಸ್ಥಳವೆಂದು ಭಕ್ತರು ಸೇರುವ ಸೀರ್ ಗೋವರ್ಧನಪುರ ವಿಶ್ವವಿದ್ಯಾಲಯದ ಬಗಲಿಗೇ ಇದೆ. ನಮ್ಮ ಕಲ್ಯಾಣದಲ್ಲಿ ಹರಳಯ್ಯನವರಿದ್ದರು. ಅವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ಬೀಗರಿಗೂ ಆದ ಶಿಕ್ಷೆಯನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ವ್ಯತ್ಯಾಸ ಇಷ್ಟೆ. ವೇಲ್ಸಿನ ಹುಡುಗನಿಗೆ ಮಣೆಯಿಂದ ಎದ್ದು ಆಡಂ ಸ್ಮಿತ್ತನ ಪೀಠದವರೆಗೆ ಹೋಗಲು, ಕಷ್ಟದ್ದಾದರೂ, ಒಂದು ದಾರಿ ಇತ್ತು. ನಮ್ಮಲ್ಲಿ ಸಂತನಾಗುವ ದಾರಿ ಇತ್ತು, ಪ್ರಾಧ್ಯಾಪಕನಾಗುವ ದಾರಿಯನ್ನು ಬಹುಕಾಲ ಮುಚ್ಚಿಟ್ಟಿದ್ದೆವು. ಸಂತನಾದ ಮೇಲೆ ಪಲ್ಲಕ್ಕಿಯಲ್ಲಿ ಹೊರುವುದು ಸುಲಭ.

ಇದೆಲ್ಲ ಹಿಂದಿನ ಕಥೆ ಎಂದು ಓದುಗರು ಹೇಳಬಹುದು. ನಾವು ಊರು ಬಿಟ್ಟು ಬಂದವರು. ರೈಲಿನಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ಯಾರ ಪಕ್ಕದಲ್ಲಿ ಕುಳಿತೆವೆಂದು ಕೇಳುವ ಹಾಗಿಲ್ಲ. ಆದರೆ ನಮ್ಮ ಎಷ್ಟು ಫ್ಲಾಟುಗಳಲ್ಲಿ ಪಾತ್ರೆ ತೊಳೆಯಲು ಬರುವಾಕೆಗೆ ಚಹಾ ಕೊಡುವ ಲೋಟ ಬೇರೆಯಾಗಿ ಕಿಟಕಿಯ ಮೇಲೆ ಇರುತ್ತದೆ ಎಂಬುದನ್ನು ನಮ್ಮ ಗೃಹಿಣಿಯರೂ ಬಲ್ಲರು, ಯಜಮಾನರೂ ಬಲ್ಲರು. ತೊಳೆದ ಪಾತ್ರೆ ಒಳಗೆ ಬರುತ್ತದೆ, ತೊಳೆದವಳ ಲೋಟ ಹೊರಗೆ ಉಳಿಯುತ್ತದೆ. ಮನೀಷಾಪಂಚಕದ ಉಪನ್ಯಾಸಕ್ಕೆ ಹೋಗಿ ಬಂದ ಸಂಜೆಯೂ ಅದು ಅಲ್ಲೇ ಇರುತ್ತದೆ.

ಭಾಷೆಯ ವಿಷಯವನ್ನೂ ಮುಟ್ಟದೆ ಬಿಡಲಾಗದು. ಜೋನ್ಸರು ವೆಲ್ಶ್‌ನಲ್ಲಿ ಬೋಧಿಸಿದರು, ವೇಲ್ಸಿನ ಜನರೊಡನೆ ವೆಲ್ಶ್‌ನಲ್ಲೇ ವಾದಿಸಿದರು. ಆದರೆ ಹೆಸರು ತಂದ ಗ್ರಂಥಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದರು. ನಮ್ಮ ಹಿರಿಯಣ್ಣನವರ 1932ರ ಪ್ರಸಿದ್ಧ ಗ್ರಂಥ ಇಂಗ್ಲಿಷಿನದು. ರಾನಡೆಯವರು ನಮ್ಮ ಶರಣರು, ದಾಸರ ಮೇಲೆ ಬರೆದದ್ದೂ ಇಂಗ್ಲಿಷಿನಲ್ಲೇ. ರಾಧಾಕೃಷ್ಣನ್‌ರ ಪುಸ್ತಕ ಮೈಸೂರಿನಿಂದ ಹೊರಟ 1920ರಲ್ಲೇ ಇತ್ತ ಬೆಂಗಳೂರಿನಲ್ಲಿ, ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳೆನಿಸಿದ ಸುಬ್ಬರಾಯ ಶರ್ಮರು ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಆರಂಭಿಸಿದರು. ಅದು ಮುಂದೆ ಹೊಳೆನರಸೀಪುರದಲ್ಲಿ ನೆಲೆಯೂರಿತು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ಕನ್ನಡದಲ್ಲೇ ವಾದಿಸಿ, ನೂರಾರು ಪುಸ್ತಕಗಳನ್ನು ಅವರು ಅಚ್ಚು ಹಾಕಿಸಿದರು. ಆಕ್ಸ್‌ಫರ್ಡಿನವರು ಅವುಗಳನ್ನು ಓದಲಾರರು ನಿಜ. ಹೊಳೆನರಸೀಪುರದ ರೈತ ಓದಬಲ್ಲನು. ಬ್ಯಾಂಗರಿಗೆ ಚಂದಾ ಕೊಟ್ಟ ಕಲ್ಲುಗಣಿಯ ಕೂಲಿಗಳು ಬಯಸಿದ್ದೂ ತಮ್ಮ ಮಕ್ಕಳ ಕೈಗೆ ಎಟುಕುವ ವಿದ್ಯೆಯನ್ನೇ.

ಓದಬೇಕೆನ್ನುವ ಸಂಘದ ಬಂಧುಗಳಿಗೆ ನಮ್ಮ ಸೂಚನೆ ಇದು. ಮೊದಲು ಜೋನ್ಸರ ಆತ್ಮಕಥೆಯನ್ನು ಓದಿ. ಸತ್ತ ಮೇಲೆ ಪ್ರಕಟವಾದ ಚಿಕ್ಕ ಪುಸ್ತಕ, ಎಲ್ಲೂ ತಡೆಯುವುದಿಲ್ಲ. ಆಮೇಲೆ ‘ಐಡಿಯಲಿಸ್ಟ್ ವ್ಯೂ’ದಲ್ಲಿ ಬುದ್ಧಿ ಮತ್ತು ಅಂತಃಸ್ಫುರಣೆಯನ್ನು ಕುರಿತ ಅಧ್ಯಾಯ. ಜಡ, ಜೀವ, ಮನಸ್ಸುಗಳ ಮೇಲಿನ ಅಧ್ಯಾಯದ ವಿಜ್ಞಾನ 1920ರ ದಶಕದ್ದು, ಈಗ ಹಳತಾಗಿದೆ, ಬಿಟ್ಟರೂ ನಷ್ಟವಿಲ್ಲ. ಜೋನ್ಸರ ಕೊನೆಯ ಗ್ರಂಥವಾದ ‘ಎ ಫೇತ್ ದಟ್ ಎನ್ಕ್ವೈರ್ಸ್’ ಕೊಂಚ ಕಠಿಣ. ಕ್ಯಾನ್ಸರಿನಿಂದ ನರಳುತ್ತ, ಎದ್ದು ನಿಲ್ಲುವ ಶಕ್ತಿ ಇದ್ದ ದಿನಗಳಲ್ಲಿ ಗ್ಲಾಸ್ಗೋದಲ್ಲಿ ಹೇಳಿದ ಪಾಠಗಳವು. ಹೇಳಿದ್ದನ್ನೇ ಮತ್ತೆ ಹೇಳುವ ಹಳೆಯ ಚಾಳಿ ಅದರಲ್ಲೂ ಇದೆ. ಎರಡನೆಯ ಸಲ ಓದುವಾಗ ನಮಗೆ ಅದು ಅಷ್ಟಾಗಿ ಅಡ್ಡಬರಲಿಲ್ಲ.